ರಶೀದಿ ಇಲ್ಲದ ಮಾತುಗಳು

ಅಮ್ಮನ ಕೈಯ ಎರಡು ಬಳೆಗಳ ವಿಷಯದಿಂದ ಶುರುಮಾಡುತ್ತೇನೆ. ಒಂದೊಂದೂ ಒಂದೂವರೆ ಪವನಿನದ್ದು. ಅಪ್ಪ ಡೊಂಬಿವಲಿ ಎಂಐಡಿಸಿಯ ಕ್ಯಾಂಟೀನೊಂದರಲ್ಲಿ ದುಡಿಯುತ್ತಿದ್ದಾಗ ಚೀಟಿ ಹಾಕಿ, ಚೀಟಿ ಎತ್ತಿ, ಮಾಡಿಸಿಕೊಟ್ಟದ್ದು. ಅಪ್ಪ ಹೋದ ಮೇಲೆ ಅಮ್ಮ ಗುರುವಾರಗಳಂದು ಒಂದು ಸತ್ಸಂಗಕ್ಕೆ ಹೋಗತೊಡಗಿದಳು. ಯಾವ ಸತ್ಸಂಗ ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದರ ಮೇಲೆ ಸಿಟ್ಟು ಮಾಡಿಕೊಂಡು ನಿಮ್ಮ ಮನೆಯ ಹತ್ತಿರದ್ದನ್ನು ಮರೆಯುತ್ತೀರಿ. ಅಲ್ಲಿ ಧ್ಯಾನ ಮಂದಿರ ಕಟ್ಟುವ ಸುದ್ದಿ ಬಂದಾಗ ಸಂಚಾಲಕರು ಹೆಂಗಸರಿಗೆ ಹೇಳಿದ ಮಾತು ಇಷ್ಟೆ: 'ಏನಿದೆಯೋ ಅದನ್ನು ಗುರುಗಳ ಪಾದದಲ್ಲಿ ಇಡಿ.'

ಅಮ್ಮ ಬಳೆಗಳನ್ನು ಇಟ್ಟಳು.

ಎರಡು ವರ್ಷದ ನಂತರ ಮೊಣಕಾಲಿನ ಆಪರೇಷನ್ನಿಗೆ ದುಡ್ಡು ಹೊಂದಿಸುವಾಗ ನಾನು ಕಪಾಟು ತೆಗೆದು ಬಳೆ ಎಲ್ಲಿ ಎಂದು ಕೇಳಿದೆ. ಅಮ್ಮ ಬಹಳ ಸಮಾಧಾನದಿಂದ, 'ಗುರುಗಳ ಹತ್ರ ಇಟ್ಟಿದೆ. ಇಟ್ಟದ್ದ್ ಅಲ್ಲೇ ಇರತ್ತಲ್ದಾ?' ಎಂದಳು. ನಮ್ಮದು ಬ್ರಹ್ಮಾವರದ ಆಚೆ. ನಮ್ಮ ಕಡೆಯ ಕನ್ನಡದಲ್ಲಿ, ಹಾಗೆ ನೋಡಿದರೆ ಯಾವ ಕಡೆಯ ಕನ್ನಡದಲ್ಲೂ, 'ಇಡು' ಎಂದರೆ ಎರಡೂ ಹೌದು. ದೇವರ ಮುಂದೆ ಹೂ ಇಡುತ್ತೇವೆ, ಅದನ್ನು ವಾಪಸು ಕೇಳುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಕೀಲಿ ಇಡುತ್ತೇವೆ, ಸಂಜೆ ಹೋಗಿ ತೆಗೆದುಕೊಳ್ಳುತ್ತೇವೆ. ಅಮ್ಮ ಇಟ್ಟದ್ದು ಕೀಲಿಯ ಹಾಗೆ. ಅವರು ತೆಗೆದುಕೊಂಡದ್ದು ಹೂವಿನ ಹಾಗೆ.

ನಾನು ಹೋಗಿ ಕೇಳಿದೆ. ಯಾರೂ ಗದರಿಸಲಿಲ್ಲ. ಚಹಾ ಕೊಟ್ಟರು. 'ಸಮರ್ಪಣೆ ಮಾಡಿದ್ದನ್ನು ಯಾರಾದರೂ ತಿರುಗಿ ಕೇಳುವುದುಂಟೇ?' ಎಂದು ನಗುತ್ತ ಕೇಳಿದರು. ರಶೀದಿ ಇದೆಯೇ ಎಂದೆ. ಆ ನಗು ಸ್ವಲ್ಪ ಕಡಿಮೆಯಾಯಿತು. 'ಅದು ಭಾವದ ವಿಷಯ' ಎಂದರು.

ಮನೆಗೆ ಬಂದು ಅವರು ಸುಳ್ಳು ಹೇಳಿದರು ಎಂದು ಕೂಗಾಡಿದೆ. ಆಮೇಲೆ ರಾತ್ರಿ ಕುಳಿತು ಯೋಚಿಸಿದರೆ ಒಂದೇ ಒಂದು ಸುಳ್ಳು ಕೈಗೆ ಸಿಗಲಿಲ್ಲ. ಇಡಿ ಎಂದರು, ಇಟ್ಟಳು. ಮಾತು ನೂರಕ್ಕೆ ನೂರು ನಿಜ. ಅದರ ನಂತರದ ಈ ಮೂರು ವರ್ಷ ನಾನು ಥಾಣೆಗೆ ಹೋಗಿ ಬರುವ ಲೋಕಲಿನಲ್ಲಿ ಬೇರೇನೂ ಮಾಡದೆ ಇಂಥ ಪದಗಳನ್ನೇ ಹೆಕ್ಕುತ್ತ ಬಂದಿದ್ದೇನೆ. ಸೇವೆ, ಸದಸ್ಯ, ಪರಿವಾರ, ಸಮರ್ಪಣೆ, ಧರ್ಮಾರ್ಥ, ಲೋಕಕಲ್ಯಾಣಾರ್ಥ. (ಕಲ್ಯಾಣ್ ನಮಗೆ ಎರಡು ಸ್ಟೇಷನ್ ದೂರ. ಅಲ್ಲಿಯ ಸ್ಕೈವಾಕಿನ ಮೇಲೆ ಪೀಕ್ ಅವರಿನಲ್ಲಿ ಒಮ್ಮೆ ನಡೆದವರಿಗೆ ಲೋಕದ ಕಲ್ಯಾಣದ ಬಗ್ಗೆ ಅಷ್ಟೇನೂ ಭರವಸೆ ಉಳಿಯುವುದಿಲ್ಲ.) ನನಗೆ ಕಂಡದ್ದು ಹೀಗೆ: ಈ ಪದಗಳಿಗೆ ಎರಡು ಅರ್ಥ ಇರುವುದು ತಪ್ಪಲ್ಲ, ಭಾಷೆ ಇರುವುದೇ ಹಾಗೆ. ಆದರೆ ಯಾವ ಹೊತ್ತಿಗೆ ಯಾವ ಅರ್ಥ ಎಂಬುದನ್ನು ನಿಶ್ಚಯಿಸುವ ಹಕ್ಕು ಯಾವಾಗಲೂ ಒಂದೇ ಕಡೆಯವರ ಕೈಯಲ್ಲಿರುತ್ತದೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಗದ್ದೆಯ ನೀರಿಗೆ ಮೀನು ಹಿಡಿಯಲು ಕೂಳಿ ಇಡುತ್ತಾರಲ್ಲ, ಹಾಗೆ. ಒಳಬರುವ ಬಾಯಿ ಅಗಲ. ಹೊರಹೋಗುವ ದಾರಿ ಹುಡುಕಿದರೆ ಬಿದಿರಿನ ಕಡ್ಡಿಗಳೇ.

'ಸೇವೆ'ಯನ್ನೇ ನೋಡಿ. ಊರಿನ ದೇವಸ್ಥಾನದಲ್ಲಿ ಸೇವಾ ಕೌಂಟರ್ ಇರುತ್ತದೆ. ಗೋಡೆಯ ಮೇಲೆ ಹಲಗೆ: ಕರ್ಪೂರಾರತಿಗೆ ಇಷ್ಟು, ಹಣ್ಣುಕಾಯಿಗೆ ಇಷ್ಟು, ರಂಗಪೂಜೆಗೆ ಇಷ್ಟು. ಮುಂಬಯಿಯಲ್ಲಿ ಬೆಳೆದ ನಾವು ಮಕ್ಕಳು ರಜೆಗೆ ಹೋದಾಗ ಇದನ್ನು ನೋಡಿ ನಗುತ್ತಿದ್ದೆವು. ದೇವರಿಗೂ ಹೋಟೆಲಿನ ಹಾಗೆ ಮೆನು ಕಾರ್ಡೇ ಎಂದು. ಈಗ ಆ ಹಲಗೆಯ ಮೇಲೆ ಗೌರವ ಬಂದಿದೆ. ಅದರಲ್ಲಿ ಏನು ಕೊಡುತ್ತೇವೆ, ಏನು ಸಿಗುತ್ತದೆ ಎಂಬುದು ಸುಣ್ಣದ ಗೋಡೆಯ ಮೇಲೆ ಬರೆದಿದೆ. ಹರಿದುಕೊಡುವ ಚೀಟಿಯಲ್ಲಿ ನಂಬರ್ ಇದೆ. ಭಕ್ತಿ ಅದರಾಚೆ, ಅದು ನಿಮಗೂ ದೇವರಿಗೂ ಬಿಟ್ಟದ್ದು.

ಅಮ್ಮನ ಸತ್ಸಂಗದ ಸೇವೆಗೆ ಹಲಗೆ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಹೋಗಿ ಐವತ್ತು ಕಿಲೋ ತರಕಾರಿ ಹೆಚ್ಚುವುದು ಸೇವೆ. ಚಪ್ಪಲಿ ಕಾಯುವುದು ಸೇವೆ. ಹೊಸಬರನ್ನು ಕರೆತರುವುದು ಸೇವೆ. ದುಡ್ಡು ಕೊಡುವುದೂ ಸೇವೆ, ಬೇರೆಯವರಿಂದ ಎತ್ತುವುದೂ ಸೇವೆ. ಸೇರುವಾಗ 'ನಿಮ್ಮ ಇಷ್ಟ, ನಿಮಗೆ ಸಾಧ್ಯವಾದಷ್ಟು' ಎಂದಿದ್ದರು. ಅಮ್ಮನಿಗೆ ಜ್ವರ ಬಂದು ಎರಡು ವಾರ ಹೋಗದಿದ್ದಾಗ ಫೋನ್ ಬಂತು: 'ಸೇವೆ ತಪ್ಪಿತಲ್ಲ ಅಮ್ಮ.' ಇಷ್ಟ ಇದ್ದರೆ ಮಾಡುವ ಕೆಲಸ ತಪ್ಪುವುದು ಹೇಗೆ? ತಪ್ಪಬೇಕಾದರೆ ಅದು ಕರ್ತವ್ಯವಾಗಿರಬೇಕು. ಕರ್ತವ್ಯವಾದರೆ ಅದಕ್ಕೊಂದು ಕರಾರು, ಸಮಯ, ರಜೆ ಇರಬೇಕು. ಅಪ್ಪನ ಕ್ಯಾಂಟೀನಿನಲ್ಲಿ ಅವೆಲ್ಲ ಇದ್ದವು, ಅಲ್ಲಿಯ ಕೆಲಸವನ್ನು ಮಾತ್ರ ಯಾರೂ ಸೇವೆ ಎಂದು ಕರೆಯಲಿಲ್ಲ.

ಇದು ಮನೆಯ ಮಾತಾಯಿತು. ಇದೇ ಕೆಲಸವನ್ನು ಪದಗಳು ದೊಡ್ಡ ಬಯಲಿನಲ್ಲಿ ಮಾಡಿದ್ದನ್ನು ನಾವು ಇಲ್ಲಿಯವರು 2023ರಲ್ಲಿ ನೋಡಿದೆವು. ದೇಶದ ಬೇರೆ ಕಡೆ ಓದುತ್ತಿರುವವರಿಗೆ ಮರೆತಿರಬಹುದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಏಪ್ರಿಲ್ 16, ಭಾನುವಾರ. ನವಿ ಮುಂಬಯಿಯ ಖಾರ್‌ಘರ್‌ನ ದೊಡ್ಡ ಮೈದಾನ. ಮಹಾರಾಷ್ಟ್ರ ಸರ್ಕಾರದ ಅತ್ಯುನ್ನತ ಪ್ರಶಸ್ತಿ 'ಮಹಾರಾಷ್ಟ್ರ ಭೂಷಣ'ವನ್ನು ಅಪ್ಪಾಸಾಹೇಬ ಧರ್ಮಾಧಿಕಾರಿ ಅವರಿಗೆ ಕೇಂದ್ರ ಗೃಹ ಸಚಿವರ ಕೈಯಿಂದ ಕೊಡುವ ಸಮಾರಂಭ. ಅಪ್ಪಾಸಾಹೇಬರು ರಾಯಗಡ ಜಿಲ್ಲೆಯ ರೇವದಂಡಾದವರು. ಅವರ ತಂದೆ ನಾನಾಸಾಹೇಬರು ಸಮರ್ಥ ರಾಮದಾಸರ ದಾಸಬೋಧದ ಮೇಲೆ ನಿರೂಪಣೆ ಮಾಡುವ 'ಬೈಠಕ್'ಗಳನ್ನು 1940ರ ದಶಕದಲ್ಲಿ ಆರಂಭಿಸಿದರು. ಇಂದು ಥಾಣೆ, ಕಲ್ಯಾಣ, ಪನವೇಲ್, ಅಲಿಬಾಗ್‌ಗಳ ಎಷ್ಟೋ ಸಾಧಾರಣ ಮನೆಗಳು ವಾರಕ್ಕೊಮ್ಮೆ ಬೈಠಕ್‌ಗೆ ಹೋಗುತ್ತವೆ. ಕುಡಿತ ಬಿಟ್ಟವರು, ಸಾಲದಿಂದ ಎದ್ದವರು ಅಲ್ಲಿ ಬಹಳ ಜನ. ಗಿಡ ನೆಡುವುದು, ಊರು ಗುಡಿಸುವುದು, ರಕ್ತದಾನ ಎಲ್ಲ ಮಾಡುತ್ತಾರೆ. ಅನುಯಾಯಿಗಳಿಗೆ 'ಶ್ರೀ ಸದಸ್ಯ' ಎಂಬ ಹೆಸರು. ಅವರ ಶಿಸ್ತು ಇಲ್ಲಿ ಗಾದೆಯ ಮಾತು. ಇದನ್ನೆಲ್ಲ ನಾನು ವ್ಯಂಗ್ಯವಾಗಿ ಬರೆಯುತ್ತಿಲ್ಲ. ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಕಾಕು ಬೈಠಕ್‌ನವರು. ಕೊರೊನಾ ಕಾಲದಲ್ಲಿ ನಮ್ಮ ಮನೆಗೆ ಹದಿನಾಲ್ಕು ದಿನ ಊಟ ಕಳಿಸಿದವರು ಅವರು.

ಆ ದಿನ ಲಕ್ಷಗಟ್ಟಲೆ ಜನ ಸೇರಿದ್ದರು. ವೇದಿಕೆಗೆ ನೆರಳಿತ್ತು, ಜನ ಕುಳಿತ ಮೈದಾನಕ್ಕೆ ಇರಲಿಲ್ಲ. ಆ ಪ್ರದೇಶದಲ್ಲಿ ಅಂದು ಉಷ್ಣಾಂಶ 38 ಡಿಗ್ರಿ, ಮೇಲೆ ಕೊಂಕಣದ ಬೆವರು. ಕಾರ್ಯಕ್ರಮ ಮಧ್ಯಾಹ್ನದವರೆಗೆ ನಡೆಯಿತು. ಬಿಸಿಲಿನ ಹೊಡೆತಕ್ಕೆ ಸತ್ತವರು ಕೊನೆಗೆ 14 ಮಂದಿ. ಸರ್ಕಾರ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ಒಬ್ಬ ಹಿರಿಯ ಅಧಿಕಾರಿಯ ವಿಚಾರಣಾ ಸಮಿತಿ ಮಾಡಿತು, ಆ ಬೇಸಿಗೆಗೆ ಮಧ್ಯಾಹ್ನ 12ರಿಂದ 5ರವರೆಗೆ ಬಯಲು ಕಾರ್ಯಕ್ರಮ ಬೇಡ ಎಂದಿತು. ಏಪ್ರಿಲ್ ತಿಂಗಳ ಬಿಸಿಲು ಹೇಗಿರುತ್ತದೆಂದು ಕಂಡುಹಿಡಿಯಲು ಹದಿನಾಲ್ಕು ಜೀವ ಬೇಕಾಯಿತು.

ಬೆಳಿಗ್ಗೆ ಎಲ್ಲಿಗೆ ಹೊರಟಿರಿ ಎಂದು ಕೇಳಿದಾಗ ಕಾಕು 'ನಮ್ಮದೇ ಕಾರ್ಯಕ್ರಮ' ಎಂದಿದ್ದರು. ಅವರ ಮಗ 'ಸರ್ಕಾರದ ಫಂಕ್ಷನ್' ಎಂದ. ಇಬ್ಬರೂ ಸರಿ. ಅದು ಪ್ರಶಸ್ತಿ ಪ್ರದಾನವೂ ಹೌದು, ದರ್ಶನವೂ ಹೌದು. ಖರ್ಚು ಸರ್ಕಾರದ್ದು, ಜನ ಗುರುವಿನವರು. ನನ್ನ ಮಟ್ಟಿಗೆ ಅಂದಿನ ನಿಜವಾದ ದುರಂತ ಈ ಎರಡರ ನಡುವಿನ ಖಾಲಿ ಜಾಗದಲ್ಲಿ ನಡೆಯಿತು. ಬರೀ ಸರ್ಕಾರಿ ಸಭೆಯಾಗಿದ್ದರೆ ಜನ ಹನ್ನೊಂದು ಗಂಟೆಗೇ ಬೈದುಕೊಂಡು ಎದ್ದು ಹೋಗುತ್ತಿದ್ದರು, ನಮ್ಮ ಜನರಿಗೆ ಆ ಕಲೆ ಚೆನ್ನಾಗಿ ಬರುತ್ತದೆ. ಬರೀ ಬೈಠಕ್ ಆಗಿದ್ದರೆ ಚುನಾವಣೆಯ ಕಣ್ಣಿರುವವರು ಅಷ್ಟು ಜನರನ್ನು ಒಂದೇ ಮೈದಾನದಲ್ಲಿ ಕೂರಿಸುವ ಅಗತ್ಯವೇ ಇರುತ್ತಿರಲಿಲ್ಲ. ಭಕ್ತರ ಶಿಸ್ತು ಸರ್ಕಾರಕ್ಕೆ ಬೇಕಿತ್ತು. ಸರ್ಕಾರದ ಮೆರುಗು ಭಕ್ತರಿಗೂ ಬೇಡವಾಗಿರಲಿಲ್ಲ. ನೆರಳು ಯಾರು ಹಾಕಬೇಕಿತ್ತು ಎಂಬ ಪ್ರಶ್ನೆ ಮಾತ್ರ ಯಾರದ್ದೂ ಆಗಲಿಲ್ಲ.

ಆಮೇಲೆ ಅಪ್ಪಾಸಾಹೇಬರು ಒಂದು ಹೇಳಿಕೆ ಕೊಟ್ಟರು. ಸತ್ತವರು ತಮ್ಮ ಪರಿವಾರದವರು, ಇದು ತಮ್ಮ ಪರಿವಾರದ ಮೇಲೆ ಬಂದ ಆಪತ್ತು, ಇದರಲ್ಲಿ ರಾಜಕೀಯ ಬೇಡ ಎಂಬ ಅರ್ಥದ ಹೇಳಿಕೆ. ಅವರ ದುಃಖವನ್ನು ನಾನು ಅನುಮಾನಿಸುವುದಿಲ್ಲ. ಆದರೆ 'ಪರಿವಾರ' ಎಂಬ ಪದ ಅಲ್ಲಿ ಏನು ಮಾಡಿತು ಎಂದು ನೋಡಬೇಕು. ಮನೆಯಲ್ಲಿ ಸಾವಾದಾಗ ನೆರೆಯವರು ದನಿ ತಗ್ಗಿಸುತ್ತಾರೆ. ಯಾರ ತಪ್ಪು ಎಂದು ಅಂಗಳದಲ್ಲಿ ನಿಂತು ಕೇಳುವುದಿಲ್ಲ. ಹದಿನಾಲ್ಕು ನಾಗರಿಕರ ಸಾವು ಆ ಒಂದು ಪದದಿಂದ ಒಂದು ಮನೆಯ ಸೂತಕವಾಯಿತು. ಲೆಕ್ಕ ಕೇಳುವವರು ಸೂತಕದ ಮನೆಗೆ ನುಗ್ಗಿದ ಒರಟರಾದರು. ಆ ಹೇಳಿಕೆಯ ನೆರಳಿನಲ್ಲಿ ಹೆಚ್ಚು ನಿಶ್ಚಿಂತೆಯಿಂದ ಕುಳಿತದ್ದು ಯಾರು ಎಂದು ನೀವೇ ಊಹಿಸಿ. ಅಂದು ಮೈದಾನದಲ್ಲಿ ಇಲ್ಲದ ನೆರಳು ಅದು.

ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಮುಖ ಇದೆ. ಮರಾಠಿ, ಹಿಂದಿಗಳಲ್ಲಿ ಪರಿವಾರ ಎಂದರೆ ಕುಟುಂಬ. ನಮ್ಮಲ್ಲಿ ಅದರ ಹಳೆಯ ಅರ್ಥ ಸುತ್ತ ಇರುವವರು, ಸೇವೆಗೆ ನಿಂತವರು. ರಾಜನ ಪರಿವಾರ ಎಂದರೆ ಆಳುಕಾಳು. ದೇವಸ್ಥಾನದಲ್ಲಿ ನಡುವೆ ಮುಖ್ಯ ದೇವರು, ಹೊರಗೆ ಸುತ್ತಲೂ ಪರಿವಾರ ದೇವರುಗಳು. ಕುಟುಂಬ ಎಂದು ಕರೆಸಿಕೊಂಡು ಬರುವ ಜನ ಬಿಸಿಲಿನಲ್ಲಿ ಕೂರುವುದು ಹಳೆಗನ್ನಡದ ಪರಿವಾರವಾಗಿ.

'ಸದಸ್ಯ'ದ ಕಥೆಯೂ ಹಾಗೇ. ಡೊಂಬಿವಲಿ, ಥಾಣೆ, ಐರೋಲಿಗಳಲ್ಲಿ ಸದಸ್ಯ ಎಂದರೇನು ಎಂದು ಯಾರಿಗೂ ಪಾಠ ಹೇಳಬೇಕಿಲ್ಲ. ಎಲ್ಲರೂ ಯಾವುದಾದರೂ ಹೌಸಿಂಗ್ ಸೊಸೈಟಿಯ ಸದಸ್ಯರೇ. ವರ್ಷಕ್ಕೊಮ್ಮೆ ಎಜಿಎಂನಲ್ಲಿ ನೀರಿನ ಟ್ಯಾಂಕ್ ತೊಳೆಸಿದ ಖರ್ಚಿಗೆ ಎರಡು ಸಾವಿರ ಹೇಗಾಯಿತು ಎಂದು ಎರಡು ಗಂಟೆ ಜಗಳ ಮಾಡುತ್ತೇವೆ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ ಸದಸ್ಯನಿಗೆ ಲೆಕ್ಕದ ಪುಸ್ತಕ ನೋಡುವ ಹಕ್ಕು ಕೊಟ್ಟಿದೆ, ನಮ್ಮವರು ಅದನ್ನು ಬೇಕಾದ್ದಕ್ಕಿಂತ ಹೆಚ್ಚೇ ಚಲಾಯಿಸುತ್ತಾರೆ. ಅದೇ ಮನುಷ್ಯ ಗುರುವಾರ ಸಂಜೆ ಸತ್ಸಂಗದ ಸದಸ್ಯನಾಗಿ ಕುಳಿತಾಗ ಎಜಿಎಂ ಇಲ್ಲ, ಪುಸ್ತಕ ಇಲ್ಲ, ಮತ ಇಲ್ಲ. ಯಾಕಿಲ್ಲ ಎಂಬ ಯೋಚನೆಯೂ ಬರುವುದಿಲ್ಲ. ಪದ ಒಂದೇ ಆದ್ದರಿಂದ ಹಕ್ಕೂ ಎಲ್ಲೋ ಇದ್ದೇ ಇರುತ್ತದೆಂದು ಮನಸ್ಸು ನಂಬಿಬಿಡುತ್ತದೆ. ನನ್ನಮ್ಮ ಸೊಸೈಟಿಯ ವಾಚ್‌ಮನ್‌ಗೆ ಕೊಟ್ಟ ದೀಪಾವಳಿಯ ಇನ್ನೂರು ರೂಪಾಯಿಗೂ ಸಹಿ ಹಾಕಿಸಿಕೊಳ್ಳುವವಳು.

ಮುಂದಿನ ವರ್ಷ, 2024ರ ಜುಲೈ 2ರಂದು, ಉತ್ತರ ಪ್ರದೇಶದ ಹಾಥರಸದಲ್ಲಿ ಇದೇ ವ್ಯಾಕರಣ ಇನ್ನೂ ಭಯಂಕರವಾಗಿ ಕಂಡಿತು. ಸತ್ಸಂಗವೊಂದರ ಕಾಲ್ತುಳಿತದಲ್ಲಿ 121 ಸಾವು. ಅನುಮತಿ ಇದ್ದದ್ದು 80,000 ಜನರಿಗೆ, ಪೊಲೀಸರ ಎಫ್‌ಐಆರ್ ಪ್ರಕಾರ ಬಂದದ್ದು ಎರಡೂವರೆ ಲಕ್ಷ. ಆ ಎಫ್‌ಐಆರ್‌ನಲ್ಲಿ ಹೆಸರು ಬಂದದ್ದು 'ಮುಖ್ಯ ಸೇವಾದಾರ'ನದು. ಪ್ರವಚನ ಮಾಡಿದ ಬಾಬಾನ ಹೆಸರು ಆರೋಪಿಗಳಲ್ಲಿ ಇರಲಿಲ್ಲ. ಜನ ಬಂದದ್ದು ಬಾಬಾನಿಗಾಗಿ, ಆದರೆ ಕಾಗದದ ಮೇಲೆ ಕಾರ್ಯಕ್ರಮ ಮಾಡಿದ್ದು ಸೇವೆಯವರು. ಪುಣ್ಯ ಮೇಲಕ್ಕೆ ಹರಿಯುತ್ತದೆ, ಕೇಸು ಕೆಳಕ್ಕೆ.

ಇಷ್ಟು ಹೊತ್ತು ನಾನು ಎರಡರ್ಥದ ಮಾತನ್ನೇ ಕಳ್ಳನ ಹಾಗೆ ಹಿಡಿದು ನಿಲ್ಲಿಸಿದೆ. ಅದು ಪೂರ್ತಿ ನ್ಯಾಯವಲ್ಲ. ದೇವರ ವಿಷಯವನ್ನು ಕರಾರು ಪತ್ರದ ಭಾಷೆಯಲ್ಲಿ ಹೇಳಲು ಆಗುವುದಿಲ್ಲ ಎಂದು ಕನ್ನಡದವರಿಗೆ ಬೇರೆ ಯಾರೂ ಹೇಳಬೇಕಿಲ್ಲ. ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಒಂದು ಹೇಳಿ ಇನ್ನೊಂದನ್ನು ಸೂಚಿಸುವುದೇ ಅವುಗಳ ಜೀವ. ಆದರೆ ಮುಂಡಿಗೆ ಕೇಳಿದವನ ಮೇಲೆ ಒಂದು ಕೆಲಸ ಬೀಳುತ್ತದೆ: ಬಿಡಿಸು, ಅರ್ಥ ಹೇಳು, ತಪ್ಪಾದರೆ ಮತ್ತೆ ಯೋಚಿಸು. ಪ್ರಶ್ನೆ ಕೇಳದವನಿಗೆ ಅದು ಬಿಚ್ಚಿಕೊಳ್ಳುವುದೇ ಇಲ್ಲ. ಅಮ್ಮನಿಗೆ ಸಿಕ್ಕಿದ 'ಭಾವದ ವಿಷಯ' ಎಂಬ ಉತ್ತರವೋ, ಪ್ರಶ್ನೆ ಮುಗಿಯಲಿ ಎಂದೇ ಹೇಳಿದ್ದು.

ಮಸುಕು ಮಾತಿನಿಂದ ಉಪಕಾರವೂ ಆಗಿದೆ, ಅದನ್ನೂ ಹೇಳಬೇಕು. ನಮ್ಮ ಕರಾವಳಿಯ ಆಮಂತ್ರಣ ಪತ್ರಿಕೆಗಳ ಕೆಳಗೆ 'ಊರ ಹತ್ತು ಸಮಸ್ತರು' ಎಂದು ಸಹಿ ಇರುತ್ತದೆ. ಈ ಹತ್ತು ಯಾರು, ಸಮಸ್ತ ಯಾರು, ಯಾರಿಗೂ ಗೊತ್ತಿಲ್ಲ. ಅಪ್ಪ ಊರು ಬಿಟ್ಟು ಮೂವತ್ತು ವರ್ಷವಾದ ಮೇಲೂ ಕೋಣೆಗೆ ಆ ಪತ್ರಿಕೆ ಬಂದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಗದ್ದೆ ಇಲ್ಲ, ಮನೆ ಬಿದ್ದಿದೆ, ಆದರೂ ತಾನು ಆ ಸಮಸ್ತರಲ್ಲಿ ಒಬ್ಬ ಎಂದು ಅವರಿಗೆ ಅನ್ನಿಸುತ್ತಿತ್ತು. ಯಾರಾದರೂ ಆ ಪದವನ್ನು ಬಿಡಿಸಿ ಪಟ್ಟಿ ಮಾಡಿದ್ದರೆ ಅಪ್ಪನ ಹೆಸರು ಬಿಟ್ಟುಹೋಗುತ್ತಿತ್ತೋ ಏನೋ. ಅದೇ ಪತ್ರಿಕೆಯ ಇನ್ನೊಂದು ಸಾಲು 'ಸರ್ವರಿಗೂ ಆದರದ ಸ್ವಾಗತ'. ಆ ಸರ್ವರು ಊಟಕ್ಕೆ ಕೂರುವಾಗ ಯಾವ ಚಪ್ಪರದಲ್ಲಿ ಯಾರ ಪಂಕ್ತಿ ಎಂಬುದನ್ನು ಮಾತ್ರ ಎಲ್ಲೂ ಅಚ್ಚು ಹಾಕಿರುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಸಿಹಿಯಾದ ಮಸುಕು ಬೇರೆ ಯಾರಿಗೋ ಹೊರಗಿನ ಚಪ್ಪರವಾಗಿತ್ತು.

ಇನ್ನು 'ಧರ್ಮ'. ಕನ್ನಡದಲ್ಲಿ ಇಷ್ಟು ಕೆಲಸ ಮಾಡುವ ಪದ ಇನ್ನೊಂದಿಲ್ಲ. ಧರ್ಮಛತ್ರ, ಧರ್ಮಾಸ್ಪತ್ರೆ ಎಂದರೆ ಪುಕ್ಕಟೆ. ಸಿಕ್ಕಿಬಿದ್ದ ಜೇಬುಗಳ್ಳನಿಗೆ ಸ್ಟೇಷನ್ನಿನಲ್ಲಿ ಜನ ಕೊಡುವುದು ಧರ್ಮದೇಟು, ಅದೂ ಪುಕ್ಕಟೆಯೇ. ನಡತೆಗೂ ಧರ್ಮ, ಮತಕ್ಕೂ ಧರ್ಮ, ದಾನಕ್ಕೂ ಧರ್ಮ. ಇಲ್ಲಿ ಚಾರಿಟಿ ಕಮಿಷನರ್ ಅವರಿಗೆ ಮರಾಠಿಯಲ್ಲಿ ಧರ್ಮಾದಾಯ ಆಯುಕ್ತ ಎಂದೇ ಹೆಸರು. ಈ ಮಸುಕಿನಿಂದ ದುಡ್ಡಿನ ಲೆಕ್ಕ ಬಹಳ ಸಲೀಸಾಗುತ್ತದೆ. ದೇಣಿಗೆಗೆ ಕೊಡುವ ಆದಾಯ ತೆರಿಗೆ ರಿಯಾಯಿತಿ ಪೂರ್ತಿ ಅಥವಾ ಬಹುಪಾಲು ಧಾರ್ಮಿಕವಾದ ಉದ್ದೇಶಕ್ಕೆ ಸಿಗುವುದಿಲ್ಲ, ಲೋಕೋಪಕಾರಕ್ಕೆ ಸಿಗುತ್ತದೆ. ಹಾಗಾಗಿ ಒಂದೇ ಸಂಸ್ಥೆ ತೆರಿಗೆ ಕಚೇರಿಯ ಮುಂದೆ 'ನಮ್ಮದು ಲೋಕೋಪಕಾರ' ಎನ್ನಬಹುದು, ಲೆಕ್ಕ ಕೇಳಿದ ಭಕ್ತನ ಮುಂದೆ 'ಇದು ಶ್ರದ್ಧೆಯ ವಿಷಯ' ಎನ್ನಬಹುದು. ಎರಡೂ ಕಡೆ ಹೇಳಿದ್ದು ಒಂದೇ ಪದ: ಧರ್ಮ.

ಇಲ್ಲಿ ನನಗೆ ನಮ್ಮ ಉಡುಪಿಯದೇ ಒಂದು ಹಳೆಯ ಮೊಕದ್ದಮೆ ನೆನಪಾಗುತ್ತದೆ. 1951ರಲ್ಲಿ ಮದ್ರಾಸ್ ಸರ್ಕಾರ ಧಾರ್ಮಿಕ ದತ್ತಿಗಳ ಕಾಯ್ದೆ ತಂದಿತು. ಸರ್ಕಾರ ಸಲ್ಲಿಸುವ 'ಸೇವೆ'ಗಳಿಗಾಗಿ ಪ್ರತಿ ಸಂಸ್ಥೆ ತನ್ನ ಆದಾಯದ ಶೇಕಡಾ 5ರವರೆಗೆ ವರ್ಷಾವರ್ಷ 'ವಂತಿಗೆ' ಕೊಡಬೇಕು ಎಂದು ಅದರ 76ನೇ ಕಲಮು. ಅಷ್ಟ ಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು ಸುಮ್ಮನೆ ಕೊಡಲಿಲ್ಲ. ಕೋರ್ಟಿಗೆ ಹೋದರು. ಇದು ಶುಲ್ಕವೋ, ತೆರಿಗೆಯೋ? ಶುಲ್ಕವಾದರೆ ಪಾವತಿಗೆ ಪ್ರತಿಯಾಗಿ ಸಿಗುವ ಸೇವೆ ಯಾವುದು? 1954ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಏನೇ ಹೆಸರಿನಿಂದ ಕರೆದರೂ ಇದು ತೆರಿಗೆ, ಹೀಗೆ ವಸೂಲಿ ಮಾಡುವ ಅಧಿಕಾರ ರಾಜ್ಯಕ್ಕೆ ಇಲ್ಲ ಎಂದಿತು. ಧಾರ್ಮಿಕ ಪಂಗಡ ಎಂದರೇನು, ಯಾವ ಆಚರಣೆ ಧರ್ಮದ ಅಗತ್ಯ ಭಾಗ ಎಂಬ ಚರ್ಚೆಗೆ ವಕೀಲರು ಇವತ್ತಿಗೂ ಎತ್ತಿಕೊಳ್ಳುವುದು ಇದೇ ತೀರ್ಪನ್ನು. ನನಗೆ ಅದರ ಈ ಚಿಕ್ಕ ಭಾಗವೇ ಹೆಚ್ಚು ಇಷ್ಟ. ಸೇವೆ, ವಂತಿಗೆ ಎಂಬ ಮೆದು ಮಾತುಗಳನ್ನು ಸರ್ಕಾರ ಮುಂದಿಟ್ಟಾಗ ಒಂದು ಮಠವೇ ಎದ್ದು ನಿಂತು, ಈ ಪದದ ಅರ್ಥ ಏನು, ಹಣ ಯಾವ ಬಾಬ್ತಿಗೆ ಎಂದು ಕೇಳಿತು. ಯಾರೂ ಅದನ್ನು ಶ್ರದ್ಧೆಯ ಕೊರತೆ ಎನ್ನಲಿಲ್ಲ. ಅಮ್ಮನ ಪರವಾಗಿ ನಾನು ಕೇಳಿದ್ದೂ ಅದೇ ಪ್ರಶ್ನೆ.

ನಾನು ಕೇಳಿದ್ದರ ಬೆಲೆಯನ್ನು ಅಮ್ಮ ತೆತ್ತಳು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. 'ಅಮ್ಮನಿಗೆ ಕಾಲು ನೋವಲ್ಲ, ಸ್ವಲ್ಪ ವಿಶ್ರಾಂತಿ ಕೊಡೋಣ' ಎಂದರು. ತರಕಾರಿಯ ಸರದಿಯಿಂದ ಹೆಸರು ಹೋಯಿತು. ವಾಟ್ಸಾಪ್ ಗುಂಪು ಇದೆ, ಆದರೆ ಇನ್ನೊಂದು ಹೊಸ ಗುಂಪು ಆಗಿದೆಯಂತೆ, ಅದರಲ್ಲಿ ಅಮ್ಮ ಇಲ್ಲ. ಒಟ್ಟಿಗೆ ರಿಕ್ಷಾ ಮಾಡಿಕೊಂಡು ಹೋಗುತ್ತಿದ್ದ ಮೂವರು ಹೆಂಗಸರು ಈಗ ಹತ್ತು ನಿಮಿಷ ಮೊದಲೇ ಹೊರಡುತ್ತಾರೆ. ಗುರುವಾರ ಸಂಜೆ ಅಮ್ಮ ಬಾಲ್ಕನಿಯಲ್ಲಿ ಕುಳಿತಿರುತ್ತಾಳೆ. ಬಳೆ ಹೋದದ್ದಕ್ಕೆ ಅವಳು ನನ್ನನ್ನು ಏನೂ ಅನ್ನಲಿಲ್ಲ, ಗುರುವಾರ ಹೋದದ್ದಕ್ಕೆ ಬಹಳ ದಿನ ಮಾತು ಬಿಟ್ಟಿದ್ದಳು.

ಇದಕ್ಕೂ ಈ ನೆಲದಲ್ಲಿ ಒಂದು ಚರಿತ್ರೆ ಇದೆ. ಮರಾಠಿಯಲ್ಲಿ 'ವಾಳೀತ್ ಟಾಕಣೆ' ಎನ್ನುತ್ತಾರೆ, ಬಹಿಷ್ಕಾರ ಹಾಕುವುದು. ಮುಂಬಯಿ ಪ್ರಾಂತ್ಯ 1949ರಲ್ಲೇ ಬಹಿಷ್ಕಾರದ ವಿರುದ್ಧ ಕಾನೂನು ಮಾಡಿತ್ತು. ದಾವೂದಿ ಬೋಹ್ರಾ ಧರ್ಮಗುರುಗಳು ಅದನ್ನು ಪ್ರಶ್ನಿಸಿ, 1962ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪಿನಿಂದ ಅದು ಬಿದ್ದುಹೋಯಿತು. ಧರ್ಮದ ಆಧಾರದ ಮೇಲೆ ಹಾಕುವ ಬಹಿಷ್ಕಾರ ಪಂಗಡದ ಒಳಗಿನ ವ್ಯವಸ್ಥೆ ಎಂಬ ವಾದ ಗೆದ್ದಿತು. ಮಹಾರಾಷ್ಟ್ರ ಮತ್ತೆ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಕಾಯ್ದೆ ಮಾಡಿತು, 2017ರಲ್ಲಿ ಅದು ಜಾರಿಗೆ ಬಂತು. ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆಯಲ್ಲಿ ನನಗೆ ಹಿಡಿಸಿದ ಗುಣ ಒಂದಿದೆ. ಅದು ಬಹಿಷ್ಕಾರ ಎಂಬ ಹೆಸರಿನ ಬೆನ್ನು ಹತ್ತುವುದಿಲ್ಲ. ಮಾಡಿದ ಕೆಲಸಗಳನ್ನು ಪಟ್ಟಿ ಮಾಡುತ್ತದೆ: ಮದುವೆ, ಅಂತ್ಯಸಂಸ್ಕಾರಕ್ಕೆ ಅಡ್ಡಿ ಮಾಡಿದೆಯಾ, ಪೂಜೆಯ ಜಾಗಕ್ಕೆ, ಸಭಾಭವನಕ್ಕೆ, ಸ್ಮಶಾನಕ್ಕೆ ಬಿಡಲಿಲ್ಲವಾ, ಸಂಬಂಧ ಕಡಿಯಲು ಹೇಳಿದೆಯಾ. ನೀವು ಅದಕ್ಕೆ ಶಿಸ್ತು ಎನ್ನಿ, ಶುದ್ಧಿ ಎನ್ನಿ, ಕಾಯ್ದೆಗೆ ಬೇಕಾಗಿಲ್ಲ.

2013ರಲ್ಲೂ ಹೀಗೇ ಆಯಿತು. ನರೇಂದ್ರ ದಾಭೋಲ್ಕರ್ ವರ್ಷಗಟ್ಟಲೆ ಹೋರಾಡಿದ ಕಾನೂನಿನ ಮೇಲಿದ್ದ ಒಂದು ದೊಡ್ಡ ಆಕ್ಷೇಪ 'ಅಂಧಶ್ರದ್ಧೆ' ಎಂಬ ಪದದ್ದು. ಯಾವುದು ಶ್ರದ್ಧೆ, ಯಾವುದು ಅಂಧಶ್ರದ್ಧೆ, ನಿರ್ಧರಿಸುವವರು ಯಾರು? ಆಗಸ್ಟ್ 20ರಂದು ಪುಣೆಯಲ್ಲಿ ಅವರ ಕೊಲೆಯಾದ ಮೇಲೆ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಅದರ ಉದ್ದನೆಯ ಹೆಸರಿನಲ್ಲಿ ಅಂಧಶ್ರದ್ಧೆ ಎಂಬ ಪದವೇ ಇಲ್ಲ. ಹಿಂದೆ ಒಂದು ಅನುಸೂಚಿ ಇದೆ, ಅದರಲ್ಲಿ ಕೃತ್ಯಗಳಿವೆ. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು ಇತ್ಯಾದಿ. ಪದದ ಜಗಳದಲ್ಲಿ ಸೋತಂತೆ ಕಂಡ ಕಾನೂನು ಕೃತ್ಯಗಳನ್ನು ಹಿಡಿದುಕೊಂಡು ಗೆದ್ದಿತು ಎಂದು ನನ್ನ ಅಭಿಪ್ರಾಯ. ಕರ್ನಾಟಕದ 2017ರ ಕಾಯ್ದೆಯೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ.

ಆದರೆ ಯಾವ ಅನುಸೂಚಿಯಲ್ಲೂ 'ವಿಶ್ರಾಂತಿ' ಇಲ್ಲ. ಹತ್ತು ನಿಮಿಷ ಮೊದಲು ರಿಕ್ಷಾ ಹತ್ತುವುದನ್ನು ಯಾವ ಶಾಸಕನೂ ಕಲಮಿನಲ್ಲಿ ಬರೆಯಲಾರ. ಅಲ್ಲಿ ಉಳಿಯುವುದು ಮನೆಯೊಳಗಿನ ಮಾತು ಮಾತ್ರ, ಅದನ್ನು ನಾವೇ ನೋಡಿಕೊಳ್ಳಬೇಕು. ಇಡಿ ಎಂದಾಗ ಕೊಡಬೇಕೋ ಇಟ್ಟಿರಬೇಕೋ ಎಂದು ಆಗಲೇ ಕೇಳುವುದು, ಸೇವೆ ಎಂದಾಗ ಎಷ್ಟು ಗಂಟೆ ಎಂದು ಕೇಳುವುದು, ಪರಿವಾರ ಎಂದಾಗ ನೆರಳು ಎಲ್ಲಿ ಎಂದು ಕೇಳುವುದು. ಹೀಗೆ ಕೇಳುವವರು ಒರಟರಾಗಿ ಕಾಣುತ್ತಾರೆ. ನಾನು ಕಂಡಿದ್ದೇನೆ, ಆ ಚಹಾದ ಕಪ್ಪಿನ ಎದುರಿಗೆ.

ಕಳೆದ ತಿಂಗಳು ಊರಿನ ದೇವಸ್ಥಾನದ ಬ್ರಹ್ಮಕಲಶದ ಮುಂಬಯಿ ಸಮಿತಿಯವರು ಮನೆಗೆ ಬಂದಿದ್ದರು. ಜೀರ್ಣೋದ್ಧಾರ ನಡೆಯುತ್ತಿದೆ. ಬಂದವರು ಇಬ್ಬರು, ಒಬ್ಬರು ಹಿರಿಯರು, ಇನ್ನೊಬ್ಬ ಐರೋಲಿಯ ಐಟಿ ಕಂಪನಿಯ ಹುಡುಗ. ಅಮ್ಮ ಒಳಗೆ ಹೋಗಿ ಐದು ಸಾವಿರ ತಂದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಈ ಸಲ ಏನೂ ಹೇಳುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದೆ. ಹುಡುಗ ರಶೀದಿ ಪುಸ್ತಕ ತೆಗೆದು ಹೆಸರು, ಮೊತ್ತ ಬರೆದ. ಬಾಬ್ತು ಎಂಬ ಜಾಗದಲ್ಲಿ ಪೆನ್ನು ನಿಂತಿತು.

'ದೇವರ ಕೆಲಸ ಅಂತ ಬರೀಲಾ ಅಮ್ಮ?'

'ಕಲ್ಲಿನ್ ಕೆಲ್ಸವಾ, ಮರದ್ ಕೆಲ್ಸವಾ, ಊಟದ್ದಾ? ಅದನ್ ಬರಿ ಮಗಾ' ಎಂದಳು ಅಮ್ಮ.

ಹುಡುಗ ಹಿರಿಯರ ಮುಖ ನೋಡಿದ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, ಊರಿಗೆ ಫೋನ್ ಹಚ್ಚಿ, ಸುತ್ತುಪೌಳಿಗೆ ಬೇರೆ ಖಾತೆ ಉಂಟಾ ಎಂದು ಕೇಳಿದರು. ಆಚೆಯಿಂದ ಏನೋ ದೀರ್ಘವಾದ ಉತ್ತರ ಬಂತು. ಅಷ್ಟರಲ್ಲಿ ಅಮ್ಮ ಕಾಫಿಗೆ ನೀರಿಡಲು ಎದ್ದಳು.